ಗೆಜ್ಜಿಯ ಔತಣ

ಡಿಸೆಂಬರ್ 18, ಬುಧವಾರ

ತರಬೇತಿಯಲ್ಲಿ ಕೊಟ್ಟ ಈ ಡೈರಿ ಆರು ತಿಂಗಳಿಂದ ಕಪಾಟಿನಲ್ಲಿ ಬಿದ್ದಿತ್ತು. ಶಿಕ್ಷಕರು ದಿನದ ಕೊನೆಗೆ ತಮ್ಮನ್ನು ತಾವು ಪ್ರಶ್ನಿಸಿಕೊಳ್ಳಬೇಕಂತೆ, ಮೊದಲ ಪುಟದಲ್ಲೇ ಅಚ್ಚು ಹಾಕಿಸಿದ್ದಾರೆ. ನನಗೆ ನನ್ನ ಬಗ್ಗೆ ಪ್ರಶ್ನೆಯೇನೂ ಇಲ್ಲ. ಪಕ್ಕದ ಕೋಣೆಯವಳ ಬಗ್ಗೆ ಇದೆ, ಅದನ್ನು ಯಾರ ಮುಂದೆಯೂ ಆಡುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹದಿನಾಲ್ಕು ವರ್ಷದಿಂದ ಈ ವಾಡಿಯ, ಈ ಪುಟ್ಟ ಹಳ್ಳಿಯ, ಶಾಲೆಯಲ್ಲಿದ್ದೇನೆ. ಎಕಂಬಾದ ರಸ್ತೆಯಿಂದ ಒಳಗೆ ಕಾಲುದಾರಿ, ಎರಡು ಕೋಣೆ, ಮೂವತ್ತೊಂದು ಮಕ್ಕಳು. ಈಶ್ವರಿ ಟೀಚರ್, ಅಂದರೆ ನಾನು, ಇವತ್ತು ಕಥೆ ಹೇಳುತ್ತೇನೆ ಎಂದರೆ ಜ್ವರ ಬಂದ ಮಕ್ಕಳೂ ಎದ್ದು ಬರುತ್ತಿದ್ದವು. ಜೂನ್ ತಿಂಗಳಲ್ಲಿ ಅತಿಥಿ ಶಿಕ್ಷಕಿಯಾಗಿ ತರನ್ನುಮ ಬಂದಳು. ಬೀದರಿನ ಹುಡುಗಿ, ಇಪ್ಪತ್ತನಾಲ್ಕು ವರ್ಷ, ದಿನಾ ಬಸ್ಸು ಹಿಡಿದು ಔರಾದಿಗೆ ಬಂದು ಅಲ್ಲಿಂದ ಟಂಟಂ ಆಟೋ ಹತ್ತಿ ಬರುತ್ತಾಳೆ. ಕುರಿಗೂ ಆಡಿಗೂ ವ್ಯತ್ಯಾಸ ಗೊತ್ತಿಲ್ಲದವಳು. ಆದರೂ ಹೇಳುವುದೆಲ್ಲ ಪ್ರಾಣಿಗಳ ಕಥೆಯೇ.

ಇವತ್ತು ಕೊನೆಯ ಪೀರಿಯಡ್‌ನಲ್ಲಿ ನಾನು ಕಾಗೆಯ ಕಥೆ ಹೇಳುತ್ತಿದ್ದೆ. ಕೋಗಿಲೆಯ ಮೇಲಿನ ಹೊಟ್ಟೆಕಿಚ್ಚಿಗೆ ಕಾಗೆ ಅದರ ಮೊಟ್ಟೆ ಒಡೆಯುತ್ತದೆ, ಸಂಜೆಯೊಳಗೆ ಸಿಡಿಲು ಬಡಿದು ಸಾಯುತ್ತದೆ. ಅರ್ಧಕ್ಕೆ ಬಂದಾಗ ನೋಡುತ್ತೇನೆ, ನನ್ನ ನಾಲ್ಕು-ಐದನೆಯ ತರಗತಿಯ ಮಕ್ಕಳು ಒಂದೊಂದೇ ಇಂಚು ಸರಿದು ಸರಿದು ಪಕ್ಕದ ಗೋಡೆಗೆ ಕಿವಿ ಹಚ್ಚಿ ಕೂತಿವೆ. ಆಚೆ ಅವಳ ಕಥೆಯ ಕತ್ತೆ ತಪ್ಪು ಮಾಡಿ, ಅತ್ತು, ಕದ್ದಿದ್ದನ್ನು ಹಿಂದೆ ತಂದುಕೊಟ್ಟು, ಎಲ್ಲರ ಜೊತೆ ಊಟಕ್ಕೆ ಕೂತಿತ್ತು.

ತಪ್ಪು ಮಾಡಿದವರನ್ನು ಕರೆದು ಊಟಕ್ಕೆ ಕೂರಿಸಿದರೆ ಮಕ್ಕಳು ಕಲಿಯುವುದಾದರೂ ಏನು? ನನ್ನ ಕಥೆಗಳಲ್ಲಿ ಸಿಡಿಲಿದೆ, ಹುಲಿಯ ಬಾಯಿ ಇದೆ, ಬಾವಿ ಇದೆ. ಮಕ್ಕಳು ಹೆದರಬೇಕು. ಹೆದರಿದ ಮಕ್ಕಳೇ ದಾರಿಗೆ ಬರುವುದು. ಇದನ್ನು ಹೊಟ್ಟೆಕಿಚ್ಚಿನಿಂದ ಬರೆಯುತ್ತಿಲ್ಲ, ಶಿಸ್ತಿನ ಮಾತು ಬರೆಯುತ್ತಿದ್ದೇನೆ.

ಡಿಸೆಂಬರ್ 23, ಸೋಮವಾರ

ಈಗ ಶಾಲೆಗೆ ಒಂದು ಕುರಿಮರಿ ಬೇರೆ. ಮೂರನೆಯ ತರಗತಿಯ ಮನಿಷಾಳದು. ಅವಳ ಅಜ್ಜ ಹಣಮಂತಪ್ಪನ ಮಂದೆಯಲ್ಲಿ ತಾಯಿ ಸತ್ತ ಮರಿ, ಈ ಹುಡುಗಿ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿಕೊಂಡಿದ್ದಾಳೆ. ಕೊರಳಿಗೆ ಒಂದು ಗೆಜ್ಜೆ ಕಟ್ಟಿ ಗೆಜ್ಜಿ ಎಂದು ಕರೆಯುತ್ತಾಳೆ. ಬೆನ್ನ ಹಿಂದೆಯೇ ಬರುತ್ತದೆ, ಬೇವಿನ ಮರದ ಕೆಳಗೆ ಕೂರುತ್ತದೆ. ತರನ್ನುಮ ಅದನ್ನೇ ನಾಯಕಿ ಮಾಡಿ ದಿನಕ್ಕೊಂದು ಕಥೆ ಕಟ್ಟುತ್ತಾಳೆ. ಊಟದ ಹೊತ್ತಿಗೆ ನನ್ನ ಮಕ್ಕಳೂ ಅವಳ ಸುತ್ತಲೇ.

“ಅಕ್ಕ, ನೀವೂ ಬರ್ರಿ, ಗೆಜ್ಜಿ ಕಥಿಗಿ ನೀವೇ ಒಂದು ನರಿ ಆಗ್ರಿ” ಎಂದಳು ಇವತ್ತು, ನಗುತ್ತ. ನಾನು ಹಾಜರಿ ಪುಸ್ತಕ ತೆರೆದು ಕೂತೆ.

ಡಿಸೆಂಬರ್ 30, ಸೋಮವಾರ

ಎಳ್ಳ ಅಮಾವಾಸ್ಯೆ. ತವರುಮನೆಗೆ, ಖಟಕ ಚಿಂಚೋಳಿಗೆ ಬಂದಿದ್ದೇನೆ. ಹೊಲದಲ್ಲಿ ಜೋಳದ ಕಣಿಕೆಯ ಗುಡಿಸಲು, ಒಳಗೆ ಐದು ಕಲ್ಲಿನ ಪಾಂಡವರು, ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ. ಪೈರಿನ ಸುತ್ತ ಚರಗದ ಅನ್ನ ಚೆಲ್ಲಿ ಬಂದು ಊಟಕ್ಕೆ ಕೂತೆವು. ಹಾದಿಯಲ್ಲಿ ಹೋಗುವವರನ್ನೂ ಕರೆದು ಉಣ್ಣಿಸಿದೆವು. ಈ ದಿನ ಹಸಿದವರು ಯಾರೂ ಇರಬಾರದು.

ಅಣ್ಣನ ಮಗಳು ಸಂಭ್ರಮಕ್ಕೆ ಒಂದು ಬುಟ್ಟಿ ಜೋಳ ತೆಗೆದುಕೊಂಡು ಹೋಗಿ ಕುರಿಮರಿಗಳ ಮುಂದೆ ಸುರಿದಳು. ಅಪ್ಪ ಎಪ್ಪತ್ತೈದರ ಮುದುಕ, ಓಡಿಬಂದು ಬುಟ್ಟಿ ಕಿತ್ತುಕೊಂಡ. “ಹಿಡಿ ಕಾಳು ಕಸುವು, ಬುಟ್ಟಿ ಕಾಳು ಸಾವು. ಕುರುಬರ ಮನ್ಯಾಗ ಹುಟ್ಟಿ ಇಷ್ಟು ತಿಳೀಬ್ಯಾಡೇನು? ಹೊಟ್ಟಿ ಉಬ್ಬಿ ಸಾಯ್ತಾವ” ಎಂದು ಬೈದ. ಹುಡುಗಿ ಅತ್ತಳು. ನಾನು ಅವಳ ವಯಸ್ಸಿನಲ್ಲಿ ಇದೇ ಬೈಗುಳ ತಿಂದಿದ್ದೆ, ಹೇಳಿ ನಗಿಸಿದೆ.

ಡಿಸೆಂಬರ್ 31, ಮಂಗಳವಾರ

ಬೆಳಗಿನ ಬಸ್ಸಿಗೆ ಭಾಲ್ಕಿಗೆ ಬಂದು ಅಲ್ಲಿಂದ ಔರಾದ್ ಮುಟ್ಟಿ, ಶಾಲೆಗೆ ಹೋಗುವಾಗ ತಡವಾಗಿತ್ತು. ಮಕ್ಕಳ ಅಂಕಿಅಂಶ ಕಂಪ್ಯೂಟರಿಗೆ ಏರಿಸಲು ಇವತ್ತೇ ಕೊನೆಯ ದಿನ. ಅದರಲ್ಲೇ ಹೊತ್ತು ಹೋಯಿತು.

ಮಧ್ಯಾಹ್ನ ತರನ್ನುಮಳ ತರಗತಿಯಲ್ಲಿ ಏನೋ ಹಬ್ಬ. ನಿನ್ನೆ ಎಲ್ಲರೂ ಹೊಲದಲ್ಲಿ ಉಂಡರು, ಗೆಜ್ಜಿಗೆ ಮಾತ್ರ ಯಾರೂ ಉಣಿಸಲಿಲ್ಲ, ಅದಕ್ಕೂ ಎಳ್ಳಮಾಸಿ ಮಾಡೋಣ ಎಂದು ಅವಳೇ ಹೇಳಿದ್ದಂತೆ. ಒಂದೊಂದು ಮಗು ಮನೆಯಿಂದ ಚೀಲದಲ್ಲಿ ಜೋಳ, ಗೋಧಿ ತಂದಿತ್ತು. ಬೇವಿನ ಕೆಳಗೆ ಅಡುಗೆ ಕೋಣೆಯ ದೊಡ್ಡ ಪರಾತದ ತಟ್ಟೆ ಇಟ್ಟು ಅದರ ತುಂಬ ಸುರಿದಿದ್ದರು. ಮನಿಷಾ ಬೊಗಸೆಯಿಂದ ತಿನ್ನಿಸುತ್ತಿದ್ದಳು. ನನ್ನ ಕೋಣೆಯ ಕಿಟಕಿಯಿಂದ ಕಾಣುತ್ತಿತ್ತು.

ಹೋಗಿ ಹೇಳೋಣ ಎಂದುಕೊಂಡೆ. ಮಕ್ಕಳೆಲ್ಲ ಚಪ್ಪಾಳೆ ತಟ್ಟುತ್ತಿದ್ದವು, ನಡುವೆ ಅವಳು. ರಾತ್ರಿ ಅದಕ್ಕೆ ಹೊಟ್ಟೆನೋವು ಬರುತ್ತದೆ, ನಾಳೆ ಹಣಮಂತಪ್ಪ ಬಂದು ಬೈಯುತ್ತಾನೆ, ಹಳ್ಳಿ ಎಂದರೇನು ಎಂದು ಆಗ ತಿಳಿಯುತ್ತದೆ. ಓದಿದವಳಲ್ಲವೇ, ಕಲಿಯಲಿ. ಹೀಗೆ ಅಂದುಕೊಂಡೆ. ಅರ್ಧ ಪರಾತ ಖಾಲಿಯಾಗುವವರೆಗೆ ನಿಂತಿದ್ದು ಕಿಟಕಿ ಮುಚ್ಚಿದೆ. ಅಂಕಿಅಂಶ ಪೂರ್ತಿ ಏರಿಸಿ ಮನೆಗೆ ಬಂದೆ.

ಜನವರಿ 1, ಬುಧವಾರ

ಗೆಜ್ಜಿ ಸತ್ತಿತು.

ಹಣಮಂತಪ್ಪ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಶಾಲೆಗೇ ಬಂದ. ಹೊಟ್ಟೆ ಡೋಲಿನಂತೆ ಉಬ್ಬಿತ್ತು. ಮೆಟ್ಟಿಲ ಮೇಲೆ ಇಟ್ಟು, “ಯಾರ ಕೊಟ್ಟಾರ್ರಿ ಕಾಳು?” ಎಂದ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ತರನ್ನುಮ ಮುಂದೆ ಬಂದು, “ನಾನೇ ಹೇಳಿದ್ದೆ ಕಾಕಾ” ಎಂದಳು. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ ನನ್ನ ಕಡೆ ತಿರುಗಿದ. “ಪಟ್ಟಣದಾಕಿ, ಆಕಿಗಿ ಎಲ್ಲಿ ತಿಳೀಬೇಕು. ಟೀಚರ್, ನೀವು ನಮ್ಮ ಪೈಕಿ. ನೀವು ಕಂಡಿದ್ರ ತಡೀತಿದ್ರಿ. ಒಳಗ ಇದ್ರೇನ್ರಿ?”

“ಒಳಗ ಇದ್ದೆ ಕಾಕಾ. ಕಂಪ್ಯೂಟರ್ ಕೆಲಸ ಇತ್ತು” ಎಂದೆ.

ಮಾತು ಎಷ್ಟು ಸಲೀಸಾಗಿ ಬಂತು. ಮನಿಷಾ ಅಜ್ಜನ ಧೋತರ ಹಿಡಿದು ನಿಂತಿದ್ದಳು. ಅವಳು ಅಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

ಜನವರಿ 2, ಗುರುವಾರ

ನಿದ್ದೆ ಇಲ್ಲ. ಒಂದೇ ಯೋಚನೆ. ಕಿಟಕಿಯಲ್ಲಿ ನಿಂತಾಗ ಆ ಹುಡುಗಿ ಒಮ್ಮೆ ತಲೆಯೆತ್ತಿದ್ದಳೇ? ಎತ್ತಿದಂತೆ ನೆನಪು. ಬಿಸಿಲು ಅವಳ ಮುಖಕ್ಕಿತ್ತು, ನಾನು ನೆರಳಲ್ಲಿದ್ದೆ, ಕಂಡಿರಲಿಕ್ಕಿಲ್ಲ. ಕಂಡಿದ್ದರೆ ನಿನ್ನೆಯೇ ಹೇಳುತ್ತಿದ್ದಳು. ಎಂಟು ವರ್ಷದ ಮಗುವಿನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆಯೇ?

ಇವತ್ತು ಅವಳು ಶಾಲೆಗೆ ಬರಲಿಲ್ಲ. ಒಳ್ಳೆಯದಾಯಿತು ಎನಿಸಿತು. ಹಾಗೆ ಎನಿಸಿದ್ದನ್ನೂ ಬರೆದಿಡುತ್ತೇನೆ.

ಜನವರಿ 4, ಶನಿವಾರ

ಮನಿಷಾ ಬಂದಳು. ಹಾಜರಿ ಕರೆದರೆ ‘ಬಂದೀನ್ರಿ’ ಎನ್ನಲಿಲ್ಲ. ಮನೆಯಲ್ಲೂ ಮೂರು ದಿನದಿಂದ ಮಾತಿಲ್ಲವಂತೆ. ಅಡುಗೆಯ ಜಿಜಾಬಾಯಿ ಹೇಳಿದಳು, “ಊಟದ ತಾಟು ಮುಟ್ಟಲಿಲ್ರಿ ಟೀಚರ್. ಕೂಸು ಸೊರಗಿ ಹೋಗ್ಯಾದ.”

ಶಾಲೆ ಬಿಟ್ಟಾಗ ಅಂಗಳದಲ್ಲಿ ಗದ್ದಲ. ನಾಲ್ಕಾರು ಮಕ್ಕಳು ಅವಳನ್ನು ಸುತ್ತುಗಟ್ಟಿ ನಿಂತಿದ್ದವು. “ನೀನೇ ತಿನ್ಸಿದಿ. ನೀನೇ ಕೊಂದಿ. ನಿನಗ ಸಿಡಿಲು ಹೊಡೀತದ.” ಇನ್ನೊಬ್ಬ, “ಸಿಡಿಲು ಮಳಿಗಾಲದಾಗ ಹೊಡೀತದಲೇ. ಈಕಿ ಬಾವ್ಯಾಗ ಬೀಳ್ತಾಳ.” ರಸ್ತೆಗೆ ಹೋಗುವ ಕಾಲುದಾರಿಯ ಪಕ್ಕ ಒಂದು ಹಳೆಯ ಮೆಟ್ಟಿಲು ಬಾವಿ ಇದೆ, ಕಟ್ಟೆ ಕುಸಿದಿದೆ, ತಳದಲ್ಲಿ ಹಸಿರು ನೀರು. ಅದರ ಕಡೆ ಕೈ ಮಾಡಿ ತೋರಿಸಿದ.

ಹೋಗಿ ಬೈದೆ. ಇಂಥ ಮಾತು ಯಾರು ಕಲಿಸಿದರು ನಿಮಗೆ ಎಂದು ಕೇಳಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಸುಮಿತ ಎಂಬ ನಾಲ್ಕನೆಯ ತರಗತಿಯ ಹುಡುಗ, ತುಂಬ ವಿನಯದಿಂದ, “ನೀವೇ ಹೇಳೀರಲ್ರಿ ಟೀಚರ್. ತಪ್ಪು ಮಾಡ್ದವ್ರಿಗಿ ಹಂಗೇ ಆಗ್ತದ ಅಂತ” ಎಂದ.

ಮನೆಗೆ ಹೋಗಿರಿ ಎಂದೆ.

ಜನವರಿ 7, ಮಂಗಳವಾರ

ತರನ್ನುಮ ಎರಡು ದಿನದಿಂದ ಬಂದಿಲ್ಲ. ಶಾಲಾ ಸಮಿತಿಯ ಅಧ್ಯಕ್ಷ ಜ್ಞಾನೇಶ್ವರ ಅವಳಿಗೆ ಫೋನು ಮಾಡಿ, ಸಭೆ ಆಗುವವರೆಗೂ ಬರಬೇಡಿ ಎಂದನಂತೆ. ಇಪ್ಪತ್ತನೆಯ ತಾರೀಖು ಸಭೆ. ಅವಳನ್ನು ತೆಗೆದು ಬೇರೆಯವರನ್ನು ಕೊಡಿ ಎಂದು ಅರ್ಜಿ ಬರೆಯುತ್ತಾರೆ. ಬರೆಯಬೇಕಾದವಳು ನಾನು.

ಸಂಜೆ ಅವಳದೇ ಫೋನು. “ಅಕ್ಕ, ಕಾಳು ತಿಂದ್ರ ಸಾಯ್ತದ ಅಂತ ನಂಗ ಖರೇನೇ ಗೊತ್ತಿದ್ದಿಲ್ಲ. ನಮ್ಮ ಅಬ್ಬಾ ಗಂಜ ಮಾರ್ಕೆಟ್‌ನಾಗ ಹಮಾಲಿ ಮಾಡ್ತಾರ. ಜೋಳದ ಚೀಲದ ಮ್ಯಾಲೇ ಆಡಿ ಬೆಳದಾಕಿ ನಾ. ಜೋಳ ಯಾರನ್ನಾದ್ರೂ ಕೊಲ್ತದ ಅಂತ ಹ್ಯಾಂಗ ಅನ್ಕೋಬೇಕ್ರಿ? ಮನಿಷಾ ಹ್ಯಾಂಗ ಇದ್ದಾಳ?”

ಚೆನ್ನಾಗಿದ್ದಾಳೆ ಎಂದೆ. ಇದು ಎರಡನೆಯ ಸುಳ್ಳು. ಫೋನು ಇಟ್ಟು ಶಾಲು ಹೊದ್ದುಕೊಂಡೆ. ಮನೆಯವರು, ಅಂದರೆ ದಿಲೀಪ, ಏನಾಯಿತು ಎಂದು ಕೇಳಿದರು. ಚಳಿ ಎಂದೆ. ಇದನ್ನೂ ಲೆಕ್ಕಕ್ಕೆ ಹಿಡಿದರೆ ಮೂರು.

ಜನವರಿ 9, ಗುರುವಾರ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವತ್ತು ಜಿಜಾಬಾಯಿ ಪರಾತ ತಿಕ್ಕುತ್ತ, “ಈ ಕಿಡಕಿ ಯಾಕ ಮುಚ್ಚಿರಿ ಟೀಚರ್, ಗಾಳಿ ಬರ್ಲಿ” ಎಂದಳು. ಅವಳಿಗೇನೂ ಗೊತ್ತಿಲ್ಲ. ನನಗೆ ಮಾತ್ರ ಎಲ್ಲರ ಮಾತೂ ಅಲ್ಲಿಗೇ ಹೋಗಿ ಮುಟ್ಟುತ್ತದೆ.

ಮನಿಷಾಳನ್ನು ಹತ್ತಿರ ಕೂರಿಸಿಕೊಂಡು ಕಥೆ ಹೇಳಲು ನೋಡಿದೆ. ಕೋತಿಯ ಕೈ ಜಾರಿ ಗುಬ್ಬಿಯ ಗೂಡು ಬಿತ್ತು, ಬೇಕಂತ ಮಾಡಲಿಲ್ಲ, ಅದಕ್ಕೆ ಯಾರೂ ಏನೂ ಅನ್ನಲಿಲ್ಲ ಎಂದೆ. ಅವಳು ನಂಬಲಿಲ್ಲ. ಸುತ್ತಲಿನ ಮಕ್ಕಳೂ ನಂಬಲಿಲ್ಲ. “ಆಮ್ಯಾಲ ಹುಲಿ ಬಂತೇನ್ರಿ?” ಎಂದು ಸುಮಿತ ಕಾದ. ಹುಲಿ ಬರಲಿಲ್ಲಪ್ಪ ಎಂದೆ. ಕಥೆ ಪೂರ್ತಿ ಆಗಿಲ್ಲ ಎನ್ನುವಂತೆ ಎಲ್ಲರೂ ಕೂತೇ ಇದ್ದರು. ಹದಿನಾಲ್ಕು ವರ್ಷ ಚೆನ್ನಾಗಿಯೇ ಕಲಿಸಿದ್ದೇನೆ.

ಹುಡುಗಿಯ ಮಣಿಕಟ್ಟು ನೋಡಿದೆ. ಬಳೆ ಮೊಣಕೈವರೆಗೂ ಸರಿಯುತ್ತಿದೆ.

ಜನವರಿ 12, ಭಾನುವಾರ

ಹೇಳಿಬಿಡುವುದು ಎಂದು ಬೀದರಿಗೆ ಹೋದೆ. ಮೊದಲು ತರನ್ನುಮಳಿಗೆ, ಆಮೇಲೆ ಅವಳ ಜೊತೆಗೇ ವಾಡಿಗೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೆ.

ಗಾಂಧಿ ಗಂಜದ ಹಿಂದಿನ ಓಣಿ. ಭಾನುವಾರವಾದರೂ ಒಂದೆರಡು ಲಾರಿ ನಿಂತಿದ್ದವು, ತೊಗರಿಯ ಧೂಳಿಗೆ ಸೀನು ಬಂತು. ಅವಳ ಅಮ್ಮ ಒಳಗೆ ಕರೆದು ಚಾಪೆ ಹಾಸಿದರು. “ಬಡೀ ಟೀಚರ್, ದೊಡ್ಡ ಟೀಚರ್ ಬಂದಾರ, ಅರ್ಜಿ ತಪ್ಪಸ್ತಾರ” ಎಂದು ಆ ತಾಯಿಯ ಮುಖ ಅರಳಿತು. ಚಹಾ ಬಂತು, ಬಿಸ್ಕತ್ತು ಬಂತು. ಅವಳ ಅಪ್ಪ ಜಾಗ ಬಿಟ್ಟು ಬಾಗಿಲ ಹತ್ತಿರ ನಿಂತರು, ನಾನು ಎಷ್ಟು ಹೇಳಿದರೂ ಕೂರಲಿಲ್ಲ.

ತರನ್ನುಮ ಸೊರಗಿದ್ದಾಳೆ. ಒಂದು ಡ್ರಾಯಿಂಗ್ ಹಾಳೆಯ ಪುಸ್ತಕ ತಂದು ಕೊಟ್ಟಳು, ಕೈಯಿಂದ ಹೊಲಿದದ್ದು. ಗೆಜ್ಜಿಯ ಚಿತ್ರಗಳು, ಕೆಳಗೆ ದಪ್ಪ ಅಕ್ಷರದ ಸಾಲುಗಳು. ಕೊನೆಯ ಪುಟದಲ್ಲಿ, ‘ಮನಿಷಾ, ತಪ್ಪು ನಿನ್ನದಲ್ಲ. ತಿಳಿಯದೆ ಹೇಳಿದ ನಿನ್ನ ಟೀಚರದು. ನನ್ನ ಮೇಲೆ ಸಿಟ್ಟು ಮಾಡು, ಊಟ ಮಾಡು’ ಎಂದು ಬರೆದಿದ್ದಳು. “ಮುಟ್ಟಸ್ತೀರಿ ಅಕ್ಕ? ನೀವು ಅಂದ್ರ ಆಕಿ ಕೇಳ್ತಾಳ.”

ಬಾಯಿ ತೆರೆದೆ. ಅವಳ ಅಪ್ಪ, “ನಿಮ್ಮಂಥ ಅಕ್ಕ ಇದ್ದಾರಂತೇ ಮಗಳನ್ನ ಅಷ್ಟು ದೂರ ಕಳಸ್ಲಾಕತ್ತಿದ್ವಿ ಮೇಡಂ” ಎಂದರು. ನನ್ನ ಬಾಯಿ ಮುಚ್ಚಿಕೊಂಡಿತು. ಚಹಾ ಕುಡಿದು, ಪುಸ್ತಕ ಚೀಲದಲ್ಲಿ ಇಟ್ಟುಕೊಂಡು ಬಂದೆ. ನಾನು ಹೇಡಿ. ಬಸ್ಸಿನಲ್ಲಿ ಪಕ್ಕದವಳು ಯಾಕಮ್ಮ ಅಳುತ್ತೀ ಎಂದು ಕೇಳಿದಾಗ ಅಳುತ್ತಿದ್ದುದು ಗೊತ್ತಾಯಿತು.

ಜನವರಿ 13, ಸೋಮವಾರ

ಪುಸ್ತಕ ಕೊಟ್ಟೆ. ಮನಿಷಾ ಪುಟ ತಿರುವಿದಳು, ಕೊನೆಯ ಪುಟ ಎರಡು ಸಲ ಓದಿದಳು. ಮತ್ತೆ ನನ್ನ ಮುಖ ನೋಡಿದಳು. ಪುಸ್ತಕ ಮುಚ್ಚಿ ನನಗೇ ಹಿಂದೆ ಕೊಟ್ಟಳು.

ಅವಳಿಗೆ ಗೊತ್ತಿದೆ.

ಜನವರಿ 16, ಗುರುವಾರ

ಬರೆಯಬೇಕು.

ಊಟದ ಗಂಟೆ ಹೊಡೆದ ಮೇಲೆ ಮೂವತ್ತು ತಾಟು ಎದ್ದವು, ಒಂದು ಮಿಕ್ಕಿತು. ಜಿಜಾಬಾಯಿ, “ಮನಿಷಾ ಎಲ್ಯಾಳ?” ಎಂದಳು. ಮನೆಗೆ ಹೋಗಿರಬೇಕು ಎಂದುಕೊಂಡು ಸುಮಿತನನ್ನು ಓಡಿಸಿದೆ. ಮನೆಯಲ್ಲಿಲ್ಲ. ಮಂದೆಯ ದೊಡ್ಡಿಯಲ್ಲಿಲ್ಲ. ಶೌಚಾಲಯದ ಹಿಂದೆ, ಗುಡಿಯ ಹಿಂದೆ, ಕಣಿಕೆಯ ಬಣವೆಯ ಹಿಂದೆ ಎಲ್ಲೂ ಇಲ್ಲ. ಆಮೇಲೆ ಯಾರೂ ಹೇಳದೆ ನನ್ನ ಕಾಲೇ ಬಾವಿಯ ಕಡೆ ತಿರುಗಿತು. ಓಡಿದೆ. ನಲವತ್ತೊಂದು ವರ್ಷದ ಹೆಂಗಸು ಸೀರೆ ಎತ್ತಿಕಟ್ಟಿಕೊಂಡು ಉಳುಮೆ ಮಾಡಿದ ಹೊಲದಲ್ಲಿ ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ದೇವರೇ, ಎಲ್ಲರಿಗೂ ಹೇಳುತ್ತೇನೆ, ನೀರು ಕದಡಿರಬಾರದು. ಅಷ್ಟೇ ಬಾಯಲ್ಲಿತ್ತು.

ನೀರು ಕದಡಿರಲಿಲ್ಲ. ನೀರಿನ ಮೇಲಿನ ಮೂರನೆಯ ಮೆಟ್ಟಿಲಲ್ಲಿ ಅವಳು ಮೊಣಕಾಲು ತಬ್ಬಿ ಕೂತಿದ್ದಳು.

ಕೂಗಿದರೆ ಬೆಚ್ಚಿ ಬೀಳುತ್ತಾಳೆ ಎಂದು ಹೆದರಿ ಕೂತುಕೊಂಡೇ ಒಂದೊಂದು ಮೆಟ್ಟಿಲು ಇಳಿದೆ. ಪಾಚಿ ಜಾರುತ್ತಿತ್ತು. ಹತ್ತಿರ ಹೋಗಿ ಅವಳ ಲಂಗದ ಅಂಚು ಮುಷ್ಟಿಯಲ್ಲಿ ಹಿಡಿದ ಮೇಲೆ ಉಸಿರು ಬಿಟ್ಟೆ.

“ಇಲ್ಲಿ ಯಾಕ ಕುಂತಿ ನನ್ನವ್ವ?”

ಹದಿನೈದು ದಿನದ ಮೇಲೆ ಅವಳ ದನಿ ಕೇಳಿದೆ. ಒಣಗಿದ ದನಿ. “ನಂಗ ಬರೋದು ಬರ್ತದಲ್ರಿ. ಮನ್ಯಾಗ ಇದ್ರ ಅಜ್ಜಗೂ ಹತ್ತತದ. ಅದಕ್ಕ ಇಲ್ಲೇ ಕುಂತೀನಿ.”

ಶಿಕ್ಷೆಗೆ ಕಾಯುತ್ತ ಕೂತಿದ್ದಾಳೆ. ಮನೆಯವರಿಗೆ ತಟ್ಟಬಾರದು ಎಂದು ದೂರ ಬಂದು ಕೂತಿದ್ದಾಳೆ.

“ನಿಂದೇನೂ ತಪ್ಪಿಲ್ಲ ಮನಿಷಾ.”

“ತಪ್ಪು ಅದರಿ. ಕಾಳು ಹಾಕಬ್ಯಾಡ ಅಂತ ಅಜ್ಜ ಹೇಳಿದ್ದ. ನಂಗ ಅಂಜಿಕಿ ಬಂದಿತ್ತು. ನಿಮ್ಮ ಕಡಿ ನೋಡ್ದೆ. ನೀವು ಕಿಡಕಿ ಬಲ್ಲಿ ನಿಂತಿದ್ರಿ. ನೀವು ಕುರುಬರು, ನಿಮಗೆಲ್ಲ ಗೊತ್ತದ. ನೀವು ಸುಮ್ಮ ಇದ್ರಿ. ನೀವು ಸುಮ್ಮ ಇದ್ದೀರಂದ್ರ ಏನೂ ಆಗಲ್ಲ ಅಂತ ತಿಳದು ಇನ್ನೊಂದು ಬೊಗಸಿ ಹಾಕ್ದೆ.”

“ಅಜ್ಜಗ ಯಾಕ ಹೇಳಲಿಲ್ಲವ್ವ?”

“ಹೇಳಿದ್ರ ನಿಮಗೂ ಬರ್ತದಲ್ರಿ.”

ಹದಿನೈದು ದಿನ ನಾನು ಇವಳಿಗೆ ಹೆದರಿ ಸತ್ತಿದ್ದೆ. ಇವಳು ನನ್ನನ್ನು ಕಾಯುತ್ತಿದ್ದಳು.

ಅಲ್ಲೇ, ಆ ಮೆಟ್ಟಿಲ ಮೇಲೇ ಹೇಳಿದೆ. ನನಗೆ ಗೊತ್ತಿತ್ತು, ಗೊತ್ತಿದ್ದೂ ಬೇಡ ಎನ್ನಲಿಲ್ಲ, ತರನ್ನುಮ ಟೀಚರ್ ಮೇಲೆ ಹೊಟ್ಟೆಕಿಚ್ಚಿತ್ತು ಎಂದೆ. ಅವಳು ನೀರು ನೋಡುತ್ತಲೇ ಕೇಳಿದಳು. “ಗೆಜ್ಜಿ ಮ್ಯಾಲ ಇದ್ದಿಲ್ರಿ?”

“ಇಲ್ಲವ್ವ.”

“ಹಂಗಾರ ಗೆಜ್ಜಿ ಯಾಕ ಸತ್ತಿತ್ರಿ?”

ಅವಳನ್ನು ಎತ್ತಿಕೊಂಡು ಮೇಲೆ ಬಂದೆ. ಎಂಟು ವರ್ಷದ ಮಗು ಇಷ್ಟು ಹಗುರ ಇರಬಾರದು. ಮೇಲೆ ಹಣಮಂತಪ್ಪ ಓಡಿಬರುತ್ತಿದ್ದ. ಅವನ ಕೈಗೆ ಕೊಟ್ಟೆ. ಈಗಲೇ ಹೇಳಬೇಕು ಎಂದು ಬಾಯಿ ತೆರೆದರೆ ಅವನು ನನ್ನ ಪಾದ ಮುಟ್ಟಲು ಬಗ್ಗಿದ, ಮೊಮ್ಮಗಳನ್ನು ಉಳಿಸಿದ ತಾಯಿ ಎಂದ. ಹಿಂದೆ ಸರಿದು ಹೇಳಿದೆ. ನಿಂತಲ್ಲೇ, ಬರಿಗಾಲಲ್ಲಿ, ಎಲ್ಲ ಹೇಳಿದೆ.

ಅವನು ಮೊಮ್ಮಗಳನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಹೊರಟುಹೋದ.

ಜನವರಿ 18, ಶನಿವಾರ

ಮನಿಷಾ ನಿನ್ನೆ ಅರ್ಧ ರೊಟ್ಟಿ, ಹಾಲು ತೆಗೆದುಕೊಂಡಳಂತೆ. ಜಿಜಾಬಾಯಿಯೇ ಹೋಗಿ ನೋಡಿ ಬಂದು ಹೇಳಿದಳು. ಈಗ ಅವಳು ನನ್ನ ಮುಖ ನೋಡದೆ ಮಾತಾಡುತ್ತಾಳೆ. ಬಾವಿಗೆ ಮುಳ್ಳುಬೇಲಿ ಹಾಕಿಸಿ ಎಂದು ಪಂಚಾಯಿತಿಗೆ ಅರ್ಜಿ ಬರೆದೆ. ಅವರು ಹಾಕುವವರೆಗೆ ಎಂದು ನಾನೇ ಜಾಲಿಮುಳ್ಳು ಎಳೆದು ಹಾಕಿದೆ. ಅಂಗೈ ತುಂಬ ಗೀರು. ಅರ್ಧ ಬೊಗಸೆ ಹೆಚ್ಚು ಅನ್ನ ಬಡಿಸು ಎಂದು ಜಿಜಾಬಾಯಿಗೆ ಹೇಳಬೇಕು, ಸೋಮವಾರ ಆ ಹುಡುಗಿ ಬಂದರೆ.

ಜನವರಿ 20, ಸೋಮವಾರ

ಸಭೆ ಆಯಿತು. ತರನ್ನುಮಳನ್ನು ನಾನೇ ಫೋನು ಮಾಡಿ ಕರೆಸಿದ್ದೆ, ಅಪ್ಪನ ಜೊತೆ ಬಂದಳು. ಫೋನಿನಲ್ಲಿ ಹೇಳಲಿಲ್ಲ, ಎದುರಿಗೇ ಹೇಳಬೇಕಿತ್ತು. ಅರ್ಜಿ ಬರೆದಾಯಿತೇ ಎಂದು ಜ್ಞಾನೇಶ್ವರ ಕೇಳಿದ. ಬರೆದಿದ್ದೆ. ಎದ್ದು ನಿಂತು ಓದಿದೆ. ಡಿಸೆಂಬರ್ ಮೂವತ್ತೊಂದರಂದು ನಾನು ಕಿಟಕಿಯಲ್ಲಿ ನಿಂತು ನೋಡಿದ್ದು, ಕಾಳಿನಿಂದ ಮರಿ ಸಾಯುತ್ತದೆ ಎಂದು ಕುರುಬರ ಮಗಳಾದ ನನಗೆ ತಿಳಿದಿದ್ದು, ತಡೆಯದೆ ಇದ್ದದ್ದು, ಮರುದಿನ ಸುಳ್ಳು ಹೇಳಿದ್ದು, ಅತಿಥಿ ಶಿಕ್ಷಕಿಯ ತಪ್ಪು ಇಲ್ಲದ್ದು. ಕೆಳಗೆ ನನ್ನ ಸಹಿ. ಹೆದರಿಕೆ ಹೋಗಿರಲಿಲ್ಲ. ಕೆಲಸ ಹೋದರೆ, ನಾನಿರುವ ಔರಾದಿನ ಬೀದಿಯಲ್ಲಿ ಜನ ಬೆರಳು ತೋರಿಸಿದರೆ, ಅಪ್ಪನ ಕಿವಿಗೆ ಬಿದ್ದರೆ ಎಂದು ಓದುತ್ತಲೇ ಹೆದರುತ್ತಿದ್ದೆ.

ಹಣಮಂತಪ್ಪ ಮೊದಲು ಮಾತಾಡಿದ. “ಬೇಲೀನೇ ಎದ್ದು ಹೊಲ ಮೇದಂಗಾತು. ನಮ್ಮ ಪೈಕಿ ಅಂದಿದ್ದೆ ನಾ. ಆ ಮಾತು ವಾಪಸ್ ತಗೋತೇನಿ.” ಅಷ್ಟೇ ಹೇಳಿ ತಂಬಾಕು ಉಗುಳಲು ಹೊರಗೆ ಹೋದ. ಜ್ಞಾನೇಶ್ವರ ಪತ್ರ ಮಡಿಸಿ ಜೇಬಿಗೆ ಹಾಕಿಕೊಂಡು, ಇದನ್ನು ಔರಾದಿನ ಶಿಕ್ಷಣ ಕಚೇರಿಗೇ ಕೊಡಬೇಕಾಗುತ್ತದೆ ಎಂದ. ಕೊಡಿ ಎಂದೆ. ತರನ್ನುಮ ನಾಳೆಯಿಂದ ಬರಲಿ ಎಂದು ಬರೆದುಕೊಂಡರು.

ಹೊರಗೆ ಬೇವಿನ ಕೆಳಗೆ ಅವಳು ನಿಂತಿದ್ದಳು. ತಪ್ಪಾಯಿತು ಎಂದೆ. ಅವಳಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿದ್ದಂತಿತ್ತು. “ನಮ್ಮ ಮನಿಗಿ ಬಂದಿದ್ರಿ. ಅಮ್ಮೀ ಕೈಯಾಗಿನ ಚಹಾ ಕುಡದ್ರಿ.”

“ಹೌದು.”

“ಇನ್ನ ಸ್ವಲ್ಪ ದಿನ ಅಕ್ಕ ಅನ್ನೋದು ನನ್ನ ಬಾಯಾಗಿಂದ ಬರೋದಿಲ್ರಿ ಮೇಡಂ. ಕೆಲಸದ ಮಾತು ಆಡ್ತೇನಿ.”

ಅದೂ ನ್ಯಾಯವೇ. ಅವಳ ಅಪ್ಪ ನನಗೆ ನಮಸ್ಕಾರ ಮಾಡಿಯೇ ಹೋದರು. ಅದು ಎಲ್ಲಕ್ಕಿಂತ ಕಷ್ಟವಾಯಿತು.

ಜನವರಿ 21, ಮಂಗಳವಾರ

ಇವತ್ತು ಎರಡೂ ಕೋಣೆಯ ಮಕ್ಕಳನ್ನು ಒಂದೇ ಕಡೆ ಕೂರಿಸಿ ಹೇಳಿದೆ. ದೊಡ್ಡವರಿಗೆ ಹೇಳಿದ್ದು ಅವರ ಕಿವಿಗೂ ಬಿದ್ದೇ ಇರುತ್ತದೆ, ಆದರೂ ನನ್ನ ಬಾಯಿಂದಲೇ ಕೇಳಬೇಕು ಎನಿಸಿತು. ತರನ್ನುಮ ಬಾಗಿಲಲ್ಲಿ ನಿಂತಿದ್ದಳು. ಮನಿಷಾ ಮೊದಲ ಸಾಲಿನಲ್ಲಿ, ಸೊರಗಿದ ಮುಖ, ಹೊಸದಾಗಿ ಎಣ್ಣೆ ಹಚ್ಚಿ ಬಾಚಿದ ತಲೆ. ಗೆಜ್ಜಿ ಸತ್ತದ್ದು ಮನಿಷಾಳಿಂದಲ್ಲ, ತರನ್ನುಮ ಟೀಚರಿಂದಲ್ಲ, ನೋಡುತ್ತ ನಿಂತ ನನ್ನಿಂದ ಎಂದೆ. ಯಾವ ಪ್ರಾಣಿಯ ಹೆಸರೂ ಹಾಕಲಿಲ್ಲ.

ಸುಮಿತ ಕೈ ಎತ್ತಿದ. ಅವನ ಕಣ್ಣಲ್ಲಿ ಕುಚೋದ್ಯವಿರಲಿಲ್ಲ, ನೀರಿತ್ತು. “ಟೀಚರ್, ಹಂಗಾರ ನಿಮಗ ಏನ್ ಆಗ್ತದ್ರಿ?”

ನನಗೆ ಗೊತ್ತಿಲ್ಲಪ್ಪ ಎಂದೆ. ಸಿಡಿಲು, ಬಾವಿ ಎಲ್ಲ ನಾನು ನಿಮ್ಮನ್ನು ಹೆದರಿಸಲು ಹೇಳಿದ್ದು, ಖರೇ ಅಲ್ಲ ಎಂದೆ. ಒಬ್ಬರೂ ನಂಬಿದಂತೆ ಕಾಣಲಿಲ್ಲ. ಒಂದನೆಯ ತರಗತಿಯ ಪುಟ್ಟದೊಂದು ಅಳಲು ಶುರುಮಾಡಿತು, ತರನ್ನುಮ ಬಂದು ಎತ್ತಿಕೊಂಡಳು.

ನಾಲ್ಕಕ್ಕೆ ಶಾಲೆಗೆ ಬೀಗ ಹಾಕಿ ಹೊರಟೆ. ರಸ್ತೆಗೆ ಹೋಗುವ ಕಾಲುದಾರಿಯಲ್ಲಿ ಹಿಂದೆ ಹೆಜ್ಜೆ ಸಪ್ಪಳ. ಮನಿಷಾ. ಅವಳ ಮನೆ ಆ ಕಡೆಯಲ್ಲ. “ಎಲ್ಲಿಗವ್ವ?” ಎಂದೆ. ನನ್ನ ಎಡಕ್ಕೆ ಬಂದು ಜೊತೆಗೆ ನಡೆದಳು. ನನ್ನ ಕೈ ಹಿಡಿಯಲಿಲ್ಲ, ನಾನೂ ಹಿಡಿಯಲು ಧೈರ್ಯ ಮಾಡಲಿಲ್ಲ. ಬಾವಿ ಬಲಕ್ಕೆ ಬರುತ್ತದೆ. ಇನ್ನೂ ಹತ್ತು ಮಾರು ಇರುವಾಗ ಅವಳು ನನ್ನ ಹಿಂದಿನಿಂದ ಸುತ್ತಿಬಂದು ಬಲಕ್ಕೆ ಸೇರಿದಳು, ನನಗೂ ಬಾವಿಗೂ ನಡುವೆ. ಮೊಣಕೈಯಿಂದ ನನ್ನನ್ನು ಮೆಲ್ಲಗೆ ಆಚೆ ಒತ್ತುತ್ತ, ಬಾವಿಯ ಮೇಲಿಂದ ಕಣ್ಣು ತೆಗೆಯದೆ ನಡೆದಳು.

ದಾಟಿದ ಮೇಲೆ ನಿಂತಳು.

“ಇನ್ನ ಹೋಗ್ರಿ” ಎಂದಳು. “ನಾಳಿ ಬರೂಮುಂದ ಇಲ್ಲೇ ನಿಂದರ್ರಿ. ನಾ ಬರ್ತೇನಿ.”